ಮಗ್ಗುಲು ತಿರುಗಿಸುವ ಕೂಲಿ

ಗಟ್ಟಿಗಿತ್ತಿ ಎಂಬ ಹೆಸರು ಅವಳಿಗೆ ಬಂದದ್ದು ಅತ್ತೆಯಿಂದ. ಮದುವೆಯಾಗಿ ಬಂದ ಹೊಸತರಲ್ಲಿ ಒಂದು ದಿನ ಗ್ಯಾಸಿನವನು ಸಿಲಿಂಡರನ್ನು ಕೆಳಗಿನ ಬಾಗಿಲಲ್ಲೇ ಇಟ್ಟು ಹೋಗಿದ್ದ. ಹುಡುಗಿ ಅದನ್ನು ಸೊಂಟಕ್ಕೆ ಆನಿಸಿಕೊಂಡು ಮಹಡಿ ಮೇಲೆ ಮಹಡಿ ಹತ್ತಿ ಅಡುಗೆಮನೆಯಲ್ಲಿ ಇಳಿಸಿದಳು. ಅತ್ತೆ ಮೂಗಿನ ಮೇಲೆ ಬೆರಳಿಟ್ಟು, "ಅಬ್ಬಾ, ಗಟ್ಟಿಗಿತ್ತಿ!" ಎಂದಳು. ಹೊಗಳಿಕೆ ಎಂದುಕೊಂಡು ಹುಡುಗಿ ನಕ್ಕಳು. ಅದು ಹೊಗಳಿಕೆಯಲ್ಲ, ಕೆಲಸದ ಹಂಚಿಕೆ ಎಂದು ತಿಳಿಯಲು ಅವಳಿಗೆ ಹೆಚ್ಚು ಕಾಲ ಹಿಡಿಯಲಿಲ್ಲ. ಅಂದಿನಿಂದ ಮನೆಯಲ್ಲಿ ಭಾರ ಅನ್ನುವುದೆಲ್ಲ ಅವಳ ಪಾಲಿಗೆ ಬಂತು.

ಮಾವನಿಗೆ ಲಕ್ವಾ ಹೊಡೆದಾಗಲೂ ಅಷ್ಟೇ. ಮಗ ವೆಲ್ಡಿಂಗ್ ಅಂಗಡಿಗೆ ಹೋಗುತ್ತಿದ್ದ, ಅತ್ತೆಗೆ ಮಂಡಿನೋವು, ಉಳಿದವಳು ಸೊಸೆ. ಮಾವ ಹಾಸಿಗೆ ಹಿಡಿದಷ್ಟು ವರ್ಷವೂ ಎತ್ತಿದಳು, ಇಳಿಸಿದಳು, ತೊಳೆದಳು, ತಿನ್ನಿಸಿದಳು. ಕೈ ಹಾಕಿ ಎಳೆದರೆ ಚರ್ಮ ಕಿತ್ತುಬರುತ್ತದೆ, ದುಪ್ಪಟಿ ಸಮೇತ ಎಳೆದರೆ ಮನುಷ್ಯ ಹಗುರವಾಗುತ್ತಾನೆ ಎಂಬುದನ್ನು ಯಾವ ಶಾಲೆಯೂ ಕಲಿಸಲಿಲ್ಲ, ಮಾವನ ಬೈಗುಳ ಕಲಿಸಿತು. ಅವನು ತೀರಿಕೊಂಡಾಗ ಬಂದವರೆಲ್ಲ ಬೆನ್ನು ತಟ್ಟಿದರು. ಬೆನ್ನು ತಟ್ಟಿದರೆ ಹೊಟ್ಟೆ ತುಂಬುತ್ತದೆಯೆ? ಪಕ್ಕದ ಮನೆಯಾಕೆಯೊಬ್ಬಳು ಮಾತ್ರ ಕೆಲಸಕ್ಕೆ ಬರುವ ಮಾತು ಆಡಿದಳು: ಕೈಲಾಗದವರ ಮನೆಗೆ ಸಹಾಯಕರನ್ನು ಕಳಿಸುವ ಆಫೀಸೊಂದಿದೆ, ಸರ್ಕಾರದ ಇಲಾಖೆ ಅದಕ್ಕೆ ಹಣ ಕೊಡುತ್ತದೆ, ಹೋಗಿ ಕೇಳು. ಸ್ವಂತ ಮಾವನನ್ನು ತೊಳೆದರೆ ಕರ್ತವ್ಯ, ಇನ್ನೊಬ್ಬರ ಮಾವನನ್ನು ತೊಳೆದರೆ ಸಂಬಳ. ಲೋಕದ ಈ ನ್ಯಾಯ ಅವಳಿಗೆ ಹಿಡಿಸಿತು. ಮರುದಿನವೇ ಹೋಗಿ ಸೇರಿಕೊಂಡಳು.

ಹೀಗೆ ಹಲವರ ಮನೆ ಸುತ್ತಿ ಕೊನೆಗೆ ಅವಳು ನಿಂತದ್ದು ದೊರೆಯ ಮನೆಯಲ್ಲಿ. ದೊರೆ ಅನ್ನುವುದು ಅವಳೇ ಇಟ್ಟ ಹೆಸರು. ಚಿಕ್ಕಂದಿನಿಂದ ಮೈಯ ಸ್ನಾಯುಗಳೆಲ್ಲ ಒಂದೊಂದಾಗಿ ಸೋತು, ಈಗ ಮೂವತ್ತು ದಾಟಿದ ಮೇಲೆ, ಆತನಿಗೆ ಉಳಿದದ್ದು ಬಲಗೈಯ ಎರಡು ಬೆರಳು ಮತ್ತು ನಾಲಗೆ. ಬೆರಳಿಗಿಂತ ನಾಲಗೆ ಚುರುಕು. ಗಾಲಿಕುರ್ಚಿಯಲ್ಲಿ ಕೂತು "ಕಿಟಕಿ ತೆಗಿ, ದಿಂಬು ಸರಿಸು, ಆ ನೊಣಕ್ಕೆ ಹೊರಗೆ ದಾರಿ ತೋರಿಸು" ಎಂದು ಅಪ್ಪಣೆ ಕೊಡಿಸುವ ಗತ್ತು ನೋಡಿ ಅವಳು ಮೊದಲ ದಿನವೇ, "ಆಗಲಿ ದೊರೆ" ಎಂದಿದ್ದಳು. ಅವನಿಗೂ ಹಿಡಿಸಿತು. ವಾರಪತ್ರಿಕೆಯೊಂದಕ್ಕೆ ಪದಬಂಧ ಹೆಣೆದು ಕೊಡುತ್ತಿದ್ದ. ಅದರಿಂದ ಬರುವ ಪುಡಿಗಾಸೇ ಅವನ ಸ್ವಂತ ಸಂಪಾದನೆ.

ಹತ್ತು ವರ್ಷದ ಹುಡುಗನಿದ್ದಾಗಿನಿಂದ ಅವನು ಬೆಳೆದದ್ದು ಊರಾಚೆಯ ವಸತಿಗೃಹದಲ್ಲಿ. ಸಾಲು ಮಂಚ, ಸಾಲು ತಟ್ಟೆ, ಎಲ್ಲರಿಗೂ ಒಂದೇ ಹೊತ್ತಿಗೆ ದೀಪ ಆರುವುದು. ಅವನು ಅದನ್ನು ಗೋದಾಮು ಎನ್ನುತ್ತಿದ್ದ. ಅಲ್ಲಿಂದ ಹೊರಬರಲು ಅವನಿಗೆ ಹಿಡಿದದ್ದು ಇಪ್ಪತ್ತು ವರ್ಷ. ಮನೆ ಸಿಗದೆ ಅಲ್ಲ. ರಾತ್ರಿಗೆ ಜನ ಸಿಗದೆ. ಹಗಲಿಗೆ ಯಾರಾದರೂ ಬಂದಾರು, ರಾತ್ರಿ ಮಾತ್ರ ಕಷ್ಟ: ಮಲಗಿದ ಮೇಲೆ ಅವನು ತಾನಾಗಿ ಮಗ್ಗುಲು ಬದಲಿಸಲಾರ. ಒಂದೇ ಮಗ್ಗುಲಲ್ಲಿ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಸೊಂಟದ ಮೂಳೆಯ ಮೇಲೆ ಚರ್ಮ ಕೆಂಪಾಗುತ್ತದೆ, ಆಮೇಲೆ ಹುಣ್ಣು, ಆಮೇಲೆ ಆಸ್ಪತ್ರೆ. ಇಲಾಖೆಯವರು ರಾತ್ರಿಗೂ ಒಬ್ಬರನ್ನು ಮಂಜೂರು ಮಾಡಿದ ಮೇಲೆಯೇ ಅವನಿಗೆ ಒಂದು ಕೋಣೆ, ಒಂದು ಅಡುಗೆಮನೆ, ತನ್ನದೇ ಬೀಗದ ಕೈ ಎಂದು ಆದದ್ದು. ಆ ರಾತ್ರಿಯ ಒಬ್ಬರು ಅಂದರೆ ಗಟ್ಟಿಗಿತ್ತಿ. ಅವಳು ಇದ್ದರೆ ಮನೆ, ಇಲ್ಲದಿದ್ದರೆ ಗೋದಾಮು.

ದೊರೆಗೆ ಸಮುದ್ರ ನೋಡುವ ಹುಚ್ಚು ಹಿಡಿದದ್ದು ಹೇಗೆಂದು ಕೇಳಬೇಡಿ. ಯಾವುದೋ ಪತ್ರಿಕೆಯಲ್ಲಿ ಚಿತ್ರ ನೋಡಿದ್ದ: ದಪ್ಪ ಬಲೂನಿನಂಥ ಗಾಲಿಗಳ ಕುರ್ಚಿ, ಮರಳಿನ ಮೇಲೂ ಓಡುತ್ತದೆ, ಕೂತವರನ್ನು ನೀರೊಳಕ್ಕೂ ಕರೆದೊಯ್ಯುತ್ತದೆ, ಬಾಡಿಗೆಗೆ ಸಿಗುತ್ತದೆ. ಅಂದಿನಿಂದ ಪದಬಂಧದ ಕಾಸನ್ನು ಕೂಡಿಡಲು ಶುರು ಮಾಡಿದ. ಎರಡು ವರ್ಷ ಹೊಸ ಅಂಗಿ ಕೊಳ್ಳಲಿಲ್ಲ. "ನೀರಲ್ಲಿ ಇಳಿಯೋನಿಗೆ ಅಂಗಿ ಯಾಕೆ?" ಎನ್ನುತ್ತಿದ್ದ.

ಹೊರಡುವ ಮೊದಲು ಆಫೀಸಿನ ಒಪ್ಪಿಗೆ ಬೇಕಿತ್ತು. ಅಲ್ಲಿಯ ಸೂಪರ್‌ವೈಸರ್ ಒಂದು ಕಾಲದಲ್ಲಿ ಗಟ್ಟಿಗಿತ್ತಿಯ ಜೊತೆಯಲ್ಲೇ ರಾತ್ರಿಪಾಳಿ ಮಾಡಿದ ಹೆಂಗಸು, ವಯಸ್ಸಿನಲ್ಲಿ ಚಿಕ್ಕವಳು. ಮಾತು ಸಿಹಿ, ಬೈದರೂ ಜೇನು ಸವರಿ ಬೈಯುವವಳು. ಕುರ್ಚಿ ತೋರಿಸಿ, ಟೀ ತರಿಸಿ, ಮಾತು ಶುರು ಮಾಡಿದಳು.

"ಅಕ್ಕಾ, ನಿಮ್ಮ ಅದೃಷ್ಟ ನೋಡಿ ಹೊಟ್ಟೆಕಿಚ್ಚು ಆಗ್ತಿದೆ. ಒಂದು ವಾರ ಸಮುದ್ರ! ಟಿಕೆಟ್ಟು ಅವರದು, ಊಟ ಅವರದು, ರೂಮು ಅವರದು."

"ಸಂಬಳ ಯಾರದು?" ಎಂದಳು ಗಟ್ಟಿಗಿತ್ತಿ.

"ಹಗಲಿಗೆ ಇದ್ದೇ ಇದೆ, ಇಲಾಖೆ ಕೊಡುತ್ತೆ. ರಾತ್ರಿ ಮಲಗ್ತೀರಲ್ಲ ಅಕ್ಕಾ? ಮಲಗೋದಕ್ಕೆ ಯಾರಾದ್ರೂ ಸಂಬಳ ಕೊಡ್ತಾರಾ?"

"ಇಲ್ಲಿ ಮನೇಲಿ ಕೊಡ್ತೀರಲ್ಲ?"

"ಮನೇಲಿ ಅದು ಅಗತ್ಯ. ಪ್ರವಾಸ ಅಂದ್ರೆ ಶೋಕಿ ಅಂತ ಇಲಾಖೆ ಲೆಕ್ಕ. ಹಾಗಂತ ನಿಮ್ಮನ್ನ ಕೈಬಿಡಲ್ಲ. ರಾತ್ರಿ ಎಷ್ಟು ಸಲ ಎದ್ದಿರೋ ಅಷ್ಟು ಸಲಕ್ಕೆ ಕೂಲಿ ಇದೆ. ಅದನ್ನ ಸರ್ ತಮ್ಮ ಕೈಯಿಂದ ಕೊಡ್ಬೇಕು. ದಿನಾ ಬೆಳಿಗ್ಗೆ ನಾನು ಫೋನ್ ಮಾಡಿ ಕೇಳ್ತೀನಿ, ನೀವು ಹೇಳಿದ್ರೆ ಸಾಕು. ನಿಮ್ಮ ಮಾತೇ ಪ್ರಮಾಣ."

ಗಟ್ಟಿಗಿತ್ತಿ ಟೀ ಮುಟ್ಟದೆ ಎದ್ದು ಬಂದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ರಾತ್ರಿಗೆ ಕನಿಷ್ಠ ಮೂರು ಸಲ ಮಗ್ಗುಲು, ನಡುವೆ ಒಮ್ಮೆ ನೀರು, ಒಮ್ಮೆ ಮೂತ್ರ. ಅಷ್ಟೆಲ್ಲಕ್ಕೂ ದೊರೆಯೇ ಕೂಲಿ ತೆತ್ತರೆ ಬಲೂನ್ ಗಾಲಿಯ ಕುರ್ಚಿಯ ಬಾಡಿಗೆಗೆ ಕಾಸು ಉಳಿಯುವುದಿಲ್ಲ. ಸಮುದ್ರದ ತನಕ ಹೋಗಿ, ರಸ್ತೆಯಂಚಿನಲ್ಲಿ ನಿಂತು, ನೋಡಿ ಬರಬೇಕು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವುದು ಇದಕ್ಕೇ.

ಮನೆಯಲ್ಲಿ ವಿಷಯ ಹೇಳಿದಾಗ ಅತ್ತೆ ಎಲ್ಲರಿಗೂ ಡಂಗುರ ಸಾರಿದಳು. "ನಮ್ಮ ಗಟ್ಟಿಗಿತ್ತಿಗೆ ಸಂಬಳ ಕೊಟ್ಟು ಸಮುದ್ರ ತೋರಿಸ್ತಾರಂತೆ! ನನಗೆ ಇಷ್ಟು ವಯಸ್ಸಾದರೂ ಯಾರೂ ಒಂದು ಕೆರೆ ತೋರಿಸಲಿಲ್ಲ." ಗಂಡ ಮಾತ್ರ ಊಟದ ಮಧ್ಯೆ ತಲೆ ಎತ್ತಿ, "ಹಗಲೂ ನೀನೇ, ರಾತ್ರಿಯೂ ನೀನೇ ಅಂದ್ರೆ ನಿದ್ದೆ ಯಾವಾಗ ಮಾಡ್ತೀಯ?" ಎಂದು ಕೇಳಿದ. ಅವಳು ಅವನ ತಟ್ಟೆಗೆ ಇನ್ನಷ್ಟು ಬಡಿಸಿದಳು.

ಹೋದರು. ಅಗ್ಗದ ಲಾಡ್ಜು, ಒಂದು ಕೋಣೆ, ಅವನಿಗೆ ಮಂಚ, ಅವಳಿಗೆ ನೆಲದ ಮೇಲೆ ಹಾಸಿಗೆ. ಮೊದಲ ರಾತ್ರಿ ಹೊಸ ಜಾಗಕ್ಕೆ ಅವನಿಗೆ ನಿದ್ದೆ ಹತ್ತಲಿಲ್ಲ, ಅವಳು ಎದ್ದ ಲೆಕ್ಕ ಅವಳಿಗೇ ತಪ್ಪಿತು. ಬೆಳಿಗ್ಗೆ ಫೋನು ಬಂತು.

"ರಾತ್ರಿ ಹೇಗಿತ್ತು ಅಕ್ಕಾ? ಎಷ್ಟು ಸಲ ಎದ್ರಿ?"

ಗಟ್ಟಿಗಿತ್ತಿ ಮಂಚದ ಕಡೆ ನೋಡಿದಳು. ದೊರೆ ಕಿಟಕಿಯಾಚೆ ಕಾಣುವ ನೀರಿನ ಗೆರೆಯನ್ನೇ ನೋಡುತ್ತಿದ್ದ.

"ಒಂದು ಸಲವೂ ಇಲ್ಲ," ಎಂದಳು. ಅಷ್ಟಕ್ಕೇ ನಿಲ್ಲಿಸಿದ್ದರೆ ಏನಾಗುತ್ತಿತ್ತೋ. ಆದರೆ ಸುಳ್ಳು ಹೇಳಿ ಅಭ್ಯಾಸವಿಲ್ಲದವರು ಅದಕ್ಕೆ ಒಗ್ಗರಣೆ ಹಾಕದೆ ಬಿಡುವುದಿಲ್ಲ. "ಸಮುದ್ರದ ಗಾಳಿ ನೋಡಿ, ಕುಂಭಕರ್ಣ ಆಗಿಬಿಟ್ಟ. ನಾನೇ ಉಸಿರಾಡ್ತಿದ್ದಾನಾ ಅಂತ ಎದ್ದು ನೋಡ್ಬೇಕಾಯ್ತು!"

ಆ ಕಡೆ ಸೂಪರ್‌ವೈಸರ್ ನಕ್ಕಳು. "ಒಳ್ಳೇದಾಯ್ತು ಬಿಡಿ," ಎಂದಳು.

ಫೋನು ಇಟ್ಟಾಗ ದೊರೆ ಅವಳನ್ನೇ ನೋಡುತ್ತಿದ್ದ. "ಯಾಕೆ ಹಾಗೆ ಹೇಳಿದೆ ಅಕ್ಕ? ನಿನ್ನ ಕೂಲಿ ನೀನು ತಗೋ. ನನಗೆ ಯಾರ ಭಿಕ್ಷೆಯೂ ಬೇಡ."

"ಭಿಕ್ಷೆ ಕೊಡೋಕೆ ನನ್ನ ಹತ್ರ ಏನಿದೆ? ಬಾಯಿ ಮುಚ್ಚಿಕೊಂಡು ಸಮುದ್ರ ನೋಡು."

"ನೋಡೋಕೆ ಬಂದಿಲ್ಲ, ಇಳಿಯೋಕೆ ಬಂದಿದ್ದೀನಿ."

"ಅದಕ್ಕೇ ಹೇಳಿದ್ದು," ಎಂದಳು ಅವಳು. ಅವನ ಕಣ್ಣು ಮತ್ತೆ ಕಿಟಕಿಯಾಚೆಯ ನೀರಿಗೆ ಹೋಯಿತು. ಅಭಿಮಾನಿ ನಿಜ, ಆದರೆ ಎರಡು ವರ್ಷದ ಆಸೆಯ ಮುಂದೆ ಅಭಿಮಾನ ಎಷ್ಟು ಹೊತ್ತು ನಿಂತೀತು?

ಆ ವಾರವೆಲ್ಲ ದಿನಾ ಬೆಳಿಗ್ಗೆ ಕುಂಭಕರ್ಣನ ಹೊಸ ಹೊಸ ಕಥೆ ಫೋನಿನಲ್ಲಿ ಹೋಯಿತು. ಒಂದು ದಿನ ಲಾಡ್ಜಿನವರು ಬಾಗಿಲು ಬಡಿದರೂ ಎಚ್ಚರವಾಗಲಿಲ್ಲವಂತೆ. ಇನ್ನೊಂದು ದಿನ ಗೊರಕೆಗೆ ಪಕ್ಕದ ರೂಮಿನವರು ಖಾಲಿ ಮಾಡಿಕೊಂಡು ಹೋದರಂತೆ. ಉಳಿದ ಕಾಸಿನಲ್ಲಿ ಕುರ್ಚಿ ಬಾಡಿಗೆಗೆ ಬಂತು. ಗಟ್ಟಿಗಿತ್ತಿ ಸೀರೆ ಎತ್ತಿ ಕಟ್ಟಿ ಅವನನ್ನು ನೀರಿಗೆ ತಳ್ಳಿದಳು. ಮೊಣಕಾಲು, ಸೊಂಟ, ಎದೆ. ಅಲೆಯಿಲ್ಲದ ಕಡೆ ಬೆಲ್ಟು ಬಿಚ್ಚಿ, ತಲೆಯ ಕೆಳಗೆ ಅಂಗೈ ಕೊಟ್ಟು ತೇಲಿಸಿದಳು. ಆಗ ಅವನ ಮೈ ನೀರಿನಲ್ಲಿ ಮೆಲ್ಲಗೆ ಒಂದು ಕಡೆಗೆ ಹೊರಳಿತು. ಯಾರೂ ತಿರುಗಿಸಲಿಲ್ಲ. "ಅಕ್ಕ, ನಾನೇ ಮಗ್ಗುಲಾದೆ! ನೋಡಿದ್ಯಾ? ನಾನೇ!" ಎಂದು ಅವನು ಕೂಗಿದ ಕೂಗಿಗೆ ದಡದಲ್ಲಿದ್ದವರು ಮುಳುಗುತ್ತಿದ್ದಾನೆಂದು ಓಡಿ ಬಂದರು. ಗಟ್ಟಿಗಿತ್ತಿ ಅತ್ತಳು. ಉಪ್ಪುನೀರಿನಲ್ಲಿ ಅತ್ತರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಧೈರ್ಯದಿಂದ ಮನಸಾರೆ ಅತ್ತಳು. ಅವಳ ಬದುಕಿನಲ್ಲಿ ಅಷ್ಟು ಸಂತೋಷದ ದಿನ ಅದಕ್ಕೆ ಮೊದಲು ಇರಲಿಲ್ಲ; ಆಮೇಲೂ ಬರಲಿಲ್ಲ.

ವಾಪಸು ಬಂದು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಸೂಪರ್‌ವೈಸರ್ ತಾನಾಗಿಯೇ ದೊರೆಯ ಮನೆಗೆ ಬಂದಳು, ಗಟ್ಟಿಗಿತ್ತಿಯನ್ನೂ ಬರಹೇಳಿದ್ದಳು. ಕೂತು, ಕೋಣೆ ಚೆನ್ನಾಗಿಟ್ಟುಕೊಂಡಿದ್ದೀರಿ ಎಂದು ಹೊಗಳಿ, ಸುತ್ತಿ ಬಳಸಿ ವಿಷಯಕ್ಕೆ ಬಂದಳು.

"ಒಳ್ಳೆ ಸುದ್ದಿ ಸರ್. ನೀವು ರಾತ್ರಿ ಯಾರ ಸಹಾಯವೂ ಇಲ್ಲದೆ ಇರಬಲ್ಲಿರಿ ಅಂತ ಇಲಾಖೆ ಒಪ್ಪಿದೆ. ಮುಂದಿನ ತಿಂಗಳಿಂದ ರಾತ್ರಿಯ ಸಹಾಯಕರು ಇರೋದಿಲ್ಲ."

ದೊರೆಗೆ ಮೊದಲು ತಮಾಷೆ ಅನ್ನಿಸಿತು. "ನಾನು ಮಲಗಬಲ್ಲೆ ಮೇಡಂ," ಎಂದ. "ತಿರುಗಲಾರೆ."

"ಅಲ್ಲಿ ಒಂದು ವಾರ ತಿರುಗದೇ ಮಲಗಿದ್ರಲ್ಲ ಸರ್? ಒಂದು ರಾತ್ರಿಯೂ ಇವರನ್ನ ಎಬ್ಬಿಸಿಲ್ಲ. ಬಂದ ಮೇಲೆ ಡಾಕ್ಟರು ನೋಡಿದ್ದಾರೆ, ಮೈಮೇಲೆ ಒಂದು ಕೆಂಪು ಗುರುತೂ ಇಲ್ಲ."

ಕೆಂಪು ಗುರುತು ಇಲ್ಲದಂತೆ ನೋಡಿಕೊಂಡವಳು ಬಾಗಿಲ ಬಳಿ ನಿಂತಿದ್ದಳು. ನಿದ್ದೆಗೆಟ್ಟು ಮಾಡಿದ ಕೆಲಸವೇ ಅವಳಿಗೆ ಎದುರುಸಾಕ್ಷಿ ಹೇಳಿತು. ಕೆಲಸ ಕೆಟ್ಟದಾಗಿ ಮಾಡಿದ್ದರೆ, ಅವನ ಸೊಂಟದಲ್ಲಿ ಹುಣ್ಣಾಗಿದ್ದರೆ, ಇವತ್ತು ಅವನ ಮನೆ ಉಳಿಯುತ್ತಿತ್ತು.

"ನಾನು ಸುಳ್ಳು ಹೇಳಿದೆ," ಎಂದಳು ಗಟ್ಟಿಗಿತ್ತಿ. "ದಿನಾ ರಾತ್ರಿ ಎದ್ದಿದ್ದೀನಿ. ಅವನ ಕಾಸು ಉಳೀಲಿ ಅಂತ ಹಾಗೆ ಹೇಳಿದೆ."

ಸೂಪರ್‌ವೈಸರ್ ಅವಳ ತೋಳು ಹಿಡಿದು ಹೊರಗಿನ ಮೆಟ್ಟಿಲಿಗೆ ಕರೆದೊಯ್ದಳು. ಅಲ್ಲಿ ಅವಳ ದನಿಯ ಜೇನೆಲ್ಲ ಆರಿತ್ತು.

"ಅಕ್ಕಾ, ನನಗೆ ಗೊತ್ತಿರಲಿಲ್ಲ ಅಂದುಕೊಂಡ್ರಾ? ನಾನೂ ಅವರನ್ನ ತಿರುಗಿಸಿದವಳೇ, ನಿಮಗೆ ರಜಾ ಇದ್ದಾಗ."

"ಗೊತ್ತಿದ್ದೂ ಮೇಲಿನವರಿಗೆ ಹೇಳಿದ್ಯಾ?"

"ನೀವು ಹೇಳಿದ್ದನ್ನ ಹೇಳಿದೆ. ಆಫೀಸ್ ಫೋನಿನ ಮಾತೆಲ್ಲ ರೆಕಾರ್ಡ್ ಆಗುತ್ತೆ. ಕುಂಭಕರ್ಣ, ಗೊರಕೆ, ಎಲ್ಲಾನೂ ಅವರು ಕೇಳಿದ್ದಾರೆ, ಕೇಳಿ ನಕ್ಕಿದ್ದಾರೆ. ಈ ವರ್ಷ ರಾತ್ರಿಪಾಳಿ ಕಮ್ಮಿ ಮಾಡಿ ಅಂತ ಅವರು ನನ್ನ ತಲೆ ಮೇಲೆ ಕೂತಿದ್ದಾರೆ. ಯಾರದಾದ್ರೂ ಕಡಿಮೆ ಮಾಡಲೇಬೇಕಿತ್ತು. ನೀವಾಗಿ ಒಬ್ಬರನ್ನ ತೋರಿಸಿದ್ರಿ."

"ಈಗ ನಿಜ ಹೇಳ್ತೀನಲ್ಲ."

"ಈಗ ಹೇಳಿದ್ರೆ, ರಾತ್ರಿ ಸಂಬಳ ಹೋಗುತ್ತೆ ಅಂತ ಸುಳ್ಳು ಹೇಳ್ತಿದ್ದಾಳೆ ಅಂತಾರೆ. ಬೇಕಾದ್ರೆ ಹೋಗಿ ನೋಡಿ."

ಹೋಗಿ ನೋಡಿದಳು. ಮೇಲಿನವನ ಕೋಣೆಯಲ್ಲಿ ನಿಂತು, ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದಳು. ಅವನು ಕಂಪ್ಯೂಟರಿನಿಂದ ಕಣ್ಣು ತೆಗೆಯದೆ ಕೇಳಿ, ಸೂಪರ್‌ವೈಸರ್ ಹೇಳಿದ ಮಾತನ್ನೇ ಅಕ್ಷರ ತಪ್ಪದೆ ಹೇಳಿದ. ದೊರೆಯ ಮಾತಿಗೂ ಅಷ್ಟೇ ಬೆಲೆ ಬಂತು: ಅವನು ಸಹಾಯಕಿಯನ್ನು ಉಳಿಸಲು ನೋಡುತ್ತಿದ್ದಾನೆ ಎಂದರು. ಕೆಲಸಕ್ಕೆ ಜನ ಸಿಗದ ಕಾಲವಾದ್ದರಿಂದ ಅವಳನ್ನು ತೆಗೆದುಹಾಕಲಿಲ್ಲ. ಊರಿನ ಇನ್ನೊಂದು ತುದಿಗೆ, ಹಗಲುಪಾಳಿಗೆ ಹಾಕಿದರು. ಗಿರಾಕಿಯನ್ನು ಹಚ್ಚಿಕೊಳ್ಳುವುದು ಒಳ್ಳೆಯದಲ್ಲ ಎಂದು ಬುದ್ಧಿಮಾತನ್ನೂ ಪುಕ್ಕಟೆಯಾಗಿ ಕೊಟ್ಟರು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರೆ. ಗಾದೆ ಕಟ್ಟಿದವರು ಆ ಬಾಯಿ ಯಾರದು ಎಂದು ಹೇಳಲಿಲ್ಲ.

ಮುಂದಿನ ತಿಂಗಳು ಬಂತು. ದೊರೆಯನ್ನು ಸಂಜೆ ಹಾಸಿಗೆಗೆ ಹಾಕಿ ಹಗಲಿನವಳು ಹೊರಟುಹೋದಳು. ಅವಳು ಹೋದ ಮೇಲೆ ಗಟ್ಟಿಗಿತ್ತಿ ಬಂದಳು. ಮರುದಿನವೂ ಬಂದಳು. ಬೀಗದ ಕೈ ಇನ್ನೂ ಅವಳ ಹತ್ತಿರವೇ ಇತ್ತು. ಹಗಲೆಲ್ಲ ಊರಿನ ಆ ತುದಿಯಲ್ಲಿ ಒಬ್ಬ ಮುದುಕನನ್ನು ಎತ್ತಿ ಇಳಿಸಿ, ಮನೆಗೆ ಹೋಗಿ ಬೇಯಿಸಿ ಬಡಿಸಿ, ಕೊನೆಯ ಬಸ್ಸು ಹಿಡಿದು ಇಲ್ಲಿಗೆ. ಸಂಬಳವಿಲ್ಲ, ಬಸ್ಸಿನ ಕಾಸೂ ಇಲ್ಲ. ಮೊದಲು ಪೂರ್ತಿ ಸಂಬಳ ತೆತ್ತು ಕೊಂಡ ರಾತ್ರಿಯನ್ನು ಇಲಾಖೆ ಈಗ ಬಿಟ್ಟಿಯಾಗಿ ಅನುಭವಿಸಿತು. "ಯಾರಪ್ಪನ ಮನೆ ಗಂಟು ತಿಂದಿದ್ದೀಯ ಅಂತ ಈ ಸಾಲ ತೀರಿಸ್ತೀಯ?" ಎಂದಳು ಅತ್ತೆ. ಅತ್ತೆಯ ಮಾತಿಗೆ ಅವಳು ಎಂದೂ ಬಗ್ಗಿದವಳಲ್ಲ. ಬಗ್ಗಿದ್ದು ಬೆನ್ನು. ಒಂದು ಬೆಳಿಗ್ಗೆ ದೊರೆಯನ್ನು ತಿರುಗಿಸಿ ನೆಟ್ಟಗೆ ನಿಲ್ಲಲು ಹೋದವಳು ಮಂಚದ ಕಂಬಿ ಹಿಡಿದು ಅಲ್ಲೇ ಉಳಿದಳು. ಮುಖ ಬಿಳಿಚಿತ್ತು. ದೊರೆ ಮಲಗಿದಲ್ಲಿಂದಲೇ ಅದನ್ನು ನೋಡಿದ.

ಅವತ್ತೇ ಅವನು ತನ್ನ ಎರಡು ಬೆರಳಿನಿಂದ ಫೋನ್ ಒತ್ತಿ ವಸತಿಗೃಹಕ್ಕೆ ಮಾತಾಡಿದ. ಅವಳಿಗೆ ಹೇಳಿದ್ದು ಅಲ್ಲಿಗೆ ಮರಳುವುದೆಲ್ಲ ತೀರ್ಮಾನವಾದ ಮೇಲೆ.

"ನನ್ನನ್ನ ಒಂದು ಮಾತು ಕೇಳಿದ್ಯಾ?" ಎಂದು ಗಟ್ಟಿಗಿತ್ತಿ ರೇಗಿದಳು. "ಅಲ್ಲಿಂದ ಹೊರಗೆ ಬರೋಕೆ ಇಪ್ಪತ್ತು ವರ್ಷ ಒದ್ದಾಡಿದವನು ನೀನು!"

"ನೀನು ನನ್ನನ್ನ ಕೇಳಿ ಸುಳ್ಳು ಹೇಳಿದ್ಯಾ?" ಎಂದ ಅವನು. ಕೋಪದಿಂದಲ್ಲ. ಆದರೂ ಆ ಮಾತು ಅವಳ ಎದೆಯಲ್ಲಿ ನಾಟಿತು, ಮತ್ತೆ ಕೀಳಲಾಗಲಿಲ್ಲ.

ಅವನು ಹೋದ ಮೇಲೆ ಮೊದಲ ಭೇಟಿಗೆ ಅವಳು ಒಂದು ಭಾನುವಾರ ಮಧ್ಯಾಹ್ನ ಹೋದಳು. ಉದ್ದನೆಯ ಹಾಲಿನಲ್ಲಿ ಸಾಲು ಮಂಚ. ಅವನದು ಗೋಡೆಗೆ ತಾಗಿದ ಕೊನೆಯದು. ಅವನನ್ನು ಗೋಡೆಯ ಕಡೆ ಮುಖ ಮಾಡಿ ಮಲಗಿಸಿದ್ದರು. ಗೋಡೆಗೂ ಮಂಚಕ್ಕೂ ನಡುವೆ ಕುರ್ಚಿ ಹಾಕಲು ಜಾಗವಿರಲಿಲ್ಲ. ಅವಳು ಅವನ ಬೆನ್ನ ಹಿಂದೆ ಕೂತಳು.

"ಬಂದ್ಯಾ ಅಕ್ಕ?" ಎಂದ. ಹೆಜ್ಜೆಯ ಸದ್ದಿನಲ್ಲೇ ಗುರುತು ಹಿಡಿದಿದ್ದ. "ಊಟಕ್ಕೆ ಮುಂಚೆ ಹೀಗೆ ಹಾಕಿದ್ದು. ಸೊಂಟ ಉರೀತಿದೆ. ಒಂಚೂರು ತಿರುಗಿಸು."

ಅವಳು ಎದ್ದು ದುಪ್ಪಟಿಯ ಅಂಚು ಹಿಡಿದಳು. ಹಾಲಿನ ಆ ತುದಿಯಿಂದ ಒಬ್ಬಳು ಆಯಾ ಕೂಗಿದಳು: "ಅಮ್ಮಾ, ಮುಟ್ಬೇಡಿ! ನೋಡೋಕೆ ಬಂದವರು ಎತ್ತೋ ಹಾಗಿಲ್ಲ. ಬಿದ್ದರೆ ಯಾರು ಹೊಣೆ? ಅವರ ಸರದಿ ಬಂದಾಗ ನಾವೇ ತಿರುಗಿಸ್ತೀವಿ."

"ನಂಗೆ ಬರುತ್ತಮ್ಮ. ಇವನನ್ನ ವರ್ಷಗಟ್ಟಲೆ ತಿರುಗಿಸಿದ್ದೀನಿ."

"ನೀವು ಇವರಿಗೆ ಏನಾಗ್ಬೇಕು? ಸಂಬಂಧಿಕರಾ?"

ಗಟ್ಟಿಗಿತ್ತಿ ದುಪ್ಪಟಿ ಬಿಡಲಿಲ್ಲ. ತಾನೊಮ್ಮೆ ಎಳೆದರೆ ಮುಗಿಯಿತು, ಇವಳೇನು ಮಾಡುತ್ತಾಳೆ ನೋಡೇಬಿಡೋಣ ಎಂದು ಕಾಲೂರಿದಳು. ಆಗ ದೊರೆ ಮೆಲ್ಲಗೆ, ಆಯಾಗೆ ಕೇಳದಷ್ಟು ಮೆಲ್ಲಗೆ ಹೇಳಿದ.

"ಬಿಡು ಅಕ್ಕ. ಅವರಿಗೆ ಸಿಟ್ಟು ಬಂದ್ರೆ ರಾತ್ರಿ ನನ್ನ ಮಂಚಕ್ಕೆ ಬರಲ್ಲ."

ಅವಳು ದುಪ್ಪಟಿ ಬಿಟ್ಟು ಕೂತಳು. ಆಯಾ ಬೇರೆ ಮಂಚದ ಕಡೆ ಹೋದಳು. ಭೇಟಿಯ ಹೊತ್ತು ಮುಗಿಯುವ ತನಕ ಅವನು ಗೋಡೆಯ ಕಡೆಯೇ ಇದ್ದ. ಅವಳು ಅವನ ಬೆನ್ನನ್ನು ನೋಡುತ್ತ ಮನೆಯ ಸುದ್ದಿ ಹೇಳುತ್ತಿದ್ದಳು.